ಬಲಗಡೆಯ ಪದಕಗಳು

ಫೆಬ್ರವರಿ 3

ಪ್ರೀತಿಯ ದೊಡ್ಡಪ್ಪನಿಗೆ ನಮಸ್ಕಾರ.

ಅಂಗಡಿಗೆ ದೊಡ್ಡ ಕೆಲಸ ಬಂದಿದೆ. ಅಪ್ಪ ಇದ್ದಿದ್ದರೆ ಈ ಹೊತ್ತಿಗೆ ಬೀದಿಗೆಲ್ಲ ಸಾರಿ ಮುಗಿಸಿರುತ್ತಿದ್ದರು. ನಾನು ನಿಮಗೊಬ್ಬರಿಗೆ ಬರೆಯುತ್ತಿದ್ದೇನೆ. ನಮ್ಮ ಊರಿನಿಂದ ಸೈನ್ಯಕ್ಕೆ ಹೋದವರ, ಸೈನ್ಯದಿಂದ ಬಂದು ಇಲ್ಲಿ ನೆಲೆಸಿದವರ ಹೆಸರುಗಳನ್ನೆಲ್ಲ ಒಂದೇ ಕಲ್ಲಿನಲ್ಲಿ ಕೆತ್ತಿಸಿ ಪುರಸಭೆಯ ಎದುರು ನಿಲ್ಲಿಸುತ್ತಾರಂತೆ. ಆಳೆತ್ತರದ ಕರಿಕಲ್ಲು, ಅರವತ್ತೆರಡು ಹೆಸರು. ಮೇಲಿನ ಭಾಗದಲ್ಲಿ ಮರಳಿ ಬಂದವರು, ಕೆಳಗಿನ ಭಾಗದಲ್ಲಿ ಬಾರದವರು. ಕಲ್ಲು ಈಗಾಗಲೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದೆ. ಮೈಗೆ ಸುಣ್ಣ ಬಳಿದು ಗೆರೆ ಹಾಕುತ್ತಿದ್ದೇನೆ.

ಎರಡು ಹೆಸರುಗಳ ಹತ್ತಿರ ಕೈ ನಿಂತಿದೆ.

ಒಂದು, ಪಕ್ಕದ ಅಂಗಡಿಯ ಟೈಲರಕ್ಕನ ಗಂಡನದು. ಇಪ್ಪತ್ತೆಂಟು ವರ್ಷದ ಹಿಂದಿನ ಗಡಿ ಯುದ್ಧದಲ್ಲಿ ಅವರು ನಾಪತ್ತೆಯಾದರು. ಕಲ್ಲು ನಿಲ್ಲಿಸುವ ಸಮಿತಿಯವರು ಅವರನ್ನು ಬಾರದವರ ಸಾಲಿಗೆ ಹಾಕಿದ್ದಾರೆ. ವಿಷಯ ತಿಳಿದದ್ದೇ ತಡ, ಟೈಲರಕ್ಕ ಕೈಯಲ್ಲಿ ಕತ್ತರಿ ಹಿಡಿದೇ ಬಂದರು. "ಕೆಳಗಡೆ ಹಾಕಿದ್ಯೋ, ನಿನಗೂ ನನಗೂ ಮಾತು ಮುಗೀತು. ಅವರು ಬದುಕಿದ್ದಾರೆ. ಯುದ್ಧ ಮುಗಿದ ಮೇಲೆ ಕ್ಯಾಪ್ಟನ್ ಕಣ್ಣಾರೆ ನೋಡಿದ್ದಾರೆ" ಎಂದರು.

ಇನ್ನೊಂದು, ಈ ಕ್ಯಾಪ್ಟನ್‌ನದೇ. ಹತ್ತೊಂಬತ್ತು ವರ್ಷದ ಹಿಂದೆ ನಮ್ಮೂರಿಗೆ ಬಂದು ನೆಲೆಸಿದ ಮುದುಕರು. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದರಂತೆ. ಕ್ಯಾಪ್ಟನ್ ಪದವಿ ಊರೇ ಪ್ರೀತಿಯಿಂದ ಕೊಟ್ಟದ್ದು. ಶಾಲೆ ಬಿಡುವ ಹೊತ್ತಿಗೆ ಪದಕ ಹಾಕಿದ ಕೋಟು ತೊಟ್ಟು ಮಕ್ಕಳನ್ನು ರಸ್ತೆ ದಾಟಿಸುತ್ತಾರೆ. ಕಥೆ ಹೇಳಲು ಕೂತರೆ ಚಹಾ ಆರಿಹೋದರೂ ಯಾರೂ ಏಳುವುದಿಲ್ಲ. ಅಂಥವರು ನಿನ್ನೆ ಬಂದು, "ನನ್ನ ಹೆಸರು ಕಲ್ಲಿಗೆ ಬೇಡಮ್ಮ" ಎಂದರು. ಏಕೆಂದು ಕೇಳಿದರೆ ಬಿಸಿಲಿನ ಮಾತು ತೆಗೆದರು. ಮಿಕ್ಕವರೆಲ್ಲ ತಮ್ಮ ಹೆಸರು ಒಂದು ಸಾಲು ಮೇಲೆ ಬರಲಿ ಎಂದು ನನ್ನ ಜೊತೆ ಜಗಳ ಕಾಯುತ್ತಿದ್ದಾರೆ. ಇವರಿಗೆ ಮಾತ್ರ ಏಕೆ ಬೇಡ?

ನೀವು ಮೂವತ್ತು ವರ್ಷ ಸೈನ್ಯದ ದಾಖಲೆ ಕಚೇರಿಯಲ್ಲಿ ಕೂತವರು. ಕಾಗದದಲ್ಲಿ ತಪ್ಪಾದರೆ ಒರೆಸಬಹುದು. ಕಲ್ಲಿನಲ್ಲಿ ತಪ್ಪಾದರೆ ಇಡೀ ಮೈಯನ್ನೇ ಉಜ್ಜಬೇಕು. ಏನು ಮಾಡಲಿ, ಹೇಳಿ.

ನಿಮ್ಮ ಮಗಳು

&nbsp;

ಫೆಬ್ರವರಿ 10

ಉಳಿಬಾಯಿ ಮಗಳೇ, ಆಶೀರ್ವಾದ.

ನಿನ್ನ ಪತ್ರ ಓದಿ ನನ್ನ ಕಿವಿ ನೆಟ್ಟಗಾಯಿತು. ನಿವೃತ್ತಿಯಾದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಹಿಡಿಯುತ್ತದೆ. ನನಗೆ ಹಿಡಿದದ್ದು ನಕಲಿ ಸೈನಿಕರನ್ನು ಹಿಡಿಯುವ ಹುಚ್ಚು. ಇದುವರೆಗೆ ನಾಲ್ವರು ಬಲೆಗೆ ಬಿದ್ದಿದ್ದಾರೆ. ಒಬ್ಬನಂತೂ ತಾನು ಹುಟ್ಟುವ ಮೊದಲೇ ಮುಗಿದಿದ್ದ ಯುದ್ಧದಲ್ಲಿ ಗಾಯಗೊಂಡಿದ್ದ!

ಇವರನ್ನು ಯುದ್ಧದ ಬಗ್ಗೆ ಕೇಳಬಾರದು. ಯುದ್ಧ ಎಲ್ಲರಿಗೂ ಬಾಯಿಪಾಠ. ಯಾರೂ ಬರೆದಿಡದ, ಯಾರಿಗೂ ಬೇಡದ ಸಂಗತಿ ಕೇಳಬೇಕು. ಒದ್ದೆ ಕಾಲುಚೀಲವನ್ನು ಎಲ್ಲಿ ಒಣಗಿಸುತ್ತಿದ್ದಿರಿ? ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಲಾರಿಯನ್ನು ಹೇಗೆ ಎಬ್ಬಿಸುತ್ತಿದ್ದಿರಿ? ಯಾವುದಕ್ಕೆ ಹೆಚ್ಚು ಹೆದರುತ್ತಿದ್ದಿರಿ? ನಕಲಿಯಾದವನು ಇಂಥ ಪ್ರಶ್ನೆಗೆ ಗುಂಡು, ರಕ್ತ, ದೇಶ ಎಂದು ಶುರು ಮಾಡುತ್ತಾನೆ. ಅಸಲಿಯಾದವನು ಕಾಲುಚೀಲದ ಬಗ್ಗೆಯೇ ಅರ್ಧ ಗಂಟೆ ಮಾತಾಡುತ್ತಾನೆ.

ಅವನ ಎದುರು ಬರೆದುಕೊಳ್ಳಬೇಡ. ಸುಮ್ಮನೆ ಉಳಿ ಮಸೆಯುತ್ತ ಕೇಳು. ಅವನು ಅಂದದ್ದನ್ನು ಅಂದ ಹಾಗೆಯೇ ನನಗೆ ಬರೆ. ಅಲ್ಲಿಯತನಕ ಆ ಎರಡು ಹೆಸರಿಗೆ ಉಳಿ ಮುಟ್ಟಿಸಬೇಡ.

ದೊಡ್ಡಪ್ಪ

&nbsp;

ಫೆಬ್ರವರಿ 26

ದೊಡ್ಡಪ್ಪಾ,

ನಿಮ್ಮ ಬಲೆಗೆ ತೂತು ಬಿದ್ದಿದೆ. ಕೇಳಿ.

ಮೊನ್ನೆ ಮಧ್ಯಾಹ್ನ ಕ್ಯಾಪ್ಟನ್ ಬಂದು ಬಾಗಿಲ ಬಳಿಯ ಚಪ್ಪಡಿಯ ಮೇಲೆ ಕೂತರು. ನಾನು ಉಳಿ ಮಸೆಯುತ್ತ ಲಾರಿಯ ಮಾತು ತೆಗೆದೆ.

"ಚಳಿಯಲ್ಲಿ ಲಾರಿ ಸ್ಟಾರ್ಟ್ ಆಗೋದಾ? ಅದಾಗಿಯೇ ಅದು ಆಗೋದೇ ಇಲ್ಲಮ್ಮ. ಸಂಜೆಯೇ ಬ್ಯಾಟರಿ ಬಿಚ್ಚಿ ಕಂಬಳಿಯೊಳಗೆ ಇಟ್ಕೊಂಡು ಮಲಗೋದು, ಹಸುಗೂಸಿನ ಹಾಗೆ. ಬೆಳಿಗ್ಗೆ ತಗಡಿನ ಡಬ್ಬಕ್ಕೆ ಮರಳು ತುಂಬಿ, ಡೀಸೆಲ್ ಸುರಿದು, ಬೆಂಕಿ ಹಚ್ಚಿ ಎಂಜಿನ್ ಕೆಳಗೆ ತಳ್ಳೋದು. ಎಣ್ಣೆ ಕರಗಿ ಗಳಗಳ ಅನ್ನೋತನಕ ಕಾಯೋದು. ಆಮೇಲೆ ಬ್ಯಾಟರಿ."

"ಕಾಲುಚೀಲ?"

"ಹೊಟ್ಟೆ ಮೇಲೆ, ಬನಿಯನ್ ಒಳಗೆ. ಮೈ ಬಿಸಿಗೆ ಬೆಳಗಾಗೋದ್ರೊಳಗೆ ಒಣಗೋದು. ವಾಸನೆ ಮಾತ್ರ ಕೇಳಬೇಡ."

"ಹೆದರಿಕೆ ಆಗ್ತಿತ್ತಾ?"

"ಆಗ್ತಿತ್ತು, ಲಾರಿ ರಿವರ್ಸ್ ತಗೊಳ್ಳುವಾಗ. ಹಿಂದೆ ಕಣಿವೆ. 'ಬಾ, ಬಾ' ಅಂತ ಕೂಗಬೇಕಾದೋನು ನಿಂತಲ್ಲೇ ತೂಕಡಿಸ್ತಿದ್ದ."

ಇದನ್ನೆಲ್ಲ ಹೇಳುವಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು. ಯಾರೋ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಾರೆ, ಇವರು ಕೇಳಿಸಿಕೊಂಡು ನನಗೆ ಒಪ್ಪಿಸುತ್ತಿದ್ದಾರೆ ಎನ್ನುವ ಹಾಗೆ.

ಆಮೇಲೆ ಟೈಲರಕ್ಕನ ಗಂಡನ ಮಾತು ತೆಗೆದೆ. ಕಣ್ಣು ತೆರೆದರು. ಎಲ್ಲಿ ನೋಡಿದಿರಿ ಎಂದೆ. "ಆಸ್ಪತ್ರೆಯಲ್ಲಿ." ಎಂಥ ಆಸ್ಪತ್ರೆ? "ದೊಡ್ಡ ಆಸ್ಪತ್ರೆ." ಏನಾದರೂ ಮಾತಾಡಿದರಾ? "ಚೆನ್ನಾಗಿದ್ದೀನಿ ಅಂದ." ಕಾಲುಚೀಲದ ವಾಸನೆಯನ್ನೂ ಮರೆಯದವರಿಗೆ ಇಲ್ಲಿ ನೆನಪಿದ್ದದ್ದು ಇಷ್ಟೇ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಇವರು ಅಸಲಿಯೋ, ನಕಲಿಯೋ? ಇನ್ನೊಂದು ಪ್ರಶ್ನೆ. ಆ ನಾಲ್ವರು ಬಲೆಗೆ ಬಿದ್ದರು ಎಂದಿರಲ್ಲ, ಬಿದ್ದ ಮೇಲೆ ಏನಾದರು?

ನಿಮ್ಮ ಮಗಳು

&nbsp;

ಮಾರ್ಚ್ 5

ಮಗಳೇ,

ಬ್ಯಾಟರಿಯನ್ನು ಕಂಬಳಿಯೊಳಗೆ ಇಟ್ಟುಕೊಂಡದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಆ ಗಡಿಯಿಂದ ಬಂದ ಚಾಲಕರ ಬಾಯಲ್ಲಿ ಮಾತ್ರ ಕೇಳಿದ್ದೇನೆ. ಈ ಮನುಷ್ಯ ನಕಲಿಯಾದರೆ ನಾನು ಮೀಸೆ ಬೋಳಿಸುತ್ತೇನೆ.

ಆದರೆ ಆ "ದೊಡ್ಡ ಆಸ್ಪತ್ರೆ" ನನಗೆ ಕಾಲಿಗೆ ಚುಚ್ಚಿದ ಮುಳ್ಳಾಗಿದೆ. ಅವನ ಒಂದು ಫೋಟೋ ಕಳಿಸು, ಪದಕಗಳು ಕಾಣಬೇಕು. ಸಮಿತಿಯವರು ಅವನ ಸೈನ್ಯದ ಬಿಡುಗಡೆ ಪುಸ್ತಕ ನೋಡಿ ಬರೆದುಕೊಂಡ ಸೈನಿಕ ನಂಬರನ್ನೂ ಕಳಿಸು. ಹಳೆಯ ಕಚೇರಿಯಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವಳೊಬ್ಬಳು ಈಗ ಮೇಲಿನ ಕುರ್ಚಿಯಲ್ಲಿದ್ದಾಳೆ.

ದೊಡ್ಡಪ್ಪ

&nbsp;

ಮಾರ್ಚ್ 19

ಮಗಳೇ,

ಮೀಸೆ ಹೋಯಿತು. ಬಾಗಿಲು ತೆರೆದ ನಿನ್ನ ದೊಡ್ಡಮ್ಮ ನನ್ನನ್ನು ನೋಡಿ, "ಯಾರು ಬೇಕಾಗಿತ್ತು?" ಎಂದಳು.

ನೀನು ಕಳಿಸಿದ ಫೋಟೋ ನೋಡಿದಾಗ ಮೊದಲು ಏನೂ ಹೊಳೆಯಲಿಲ್ಲ. ಕೋಟು ಸರಿ, ಪದಕ ಸರಿ, ಪದಕಗಳ ಕ್ರಮವೂ ಸರಿ. ಮೂರನೆಯ ಸಲ ನೋಡುವಾಗ ಕನ್ನಡಕ ತೆಗೆದು ಒರೆಸಿಕೊಂಡೆ. ಪದಕಗಳೆಲ್ಲ ಬಲಗಡೆ ಇವೆ. ನಮ್ಮಲ್ಲಿ ಪದಕ ಗಳಿಸಿದವನು ಅದನ್ನು ಎಡಗಡೆ ಧರಿಸುತ್ತಾನೆ. ಅವನು ಸತ್ತ ಮೇಲೆ ಮನೆಯವರು ಅವನ ನೆನಪಿಗೆ ಧರಿಸುವುದಾದರೆ ಬಲಗಡೆ. ಇದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ.

ನಂಬರಿಗೂ ಉತ್ತರ ಬಂತು. ಅದು ನಿಜವಾದ ನಂಬರು, ಅದರ ಒಡೆಯ ನಿಜವಾದ ಲಾರಿ ಚಾಲಕ. ಬ್ಯಾಟರಿ, ಕಾಲುಚೀಲ, ಕಣಿವೆ ಎಲ್ಲವೂ ಅವನು ಕಂಡದ್ದೇ ಇರಬೇಕು. ಆದರೆ ಅವನು ಸತ್ತು ಇಪ್ಪತ್ತು ವರ್ಷವಾಗಿದೆ. ಗುರುತಿನ ಚಿಹ್ನೆ ಎಂಬಲ್ಲಿ ಹೀಗಿದೆ: ಎಡಗೈಯ ಕಿರುಬೆರಳು, ಉಂಗುರ ಬೆರಳು ಇಲ್ಲ. ಹತ್ತಿರದ ಬಂಧು ಎಂಬಲ್ಲಿ: ಅಣ್ಣ.

ಕ್ಯಾಪ್ಟನ್ ಚಹಾದ ಲೋಟ ಹಿಡಿದಾಗ ಬೆರಳು ಎಣಿಸು.

ನನಗೆ ಒಗಟಾಗಿರುವುದು ಬೇರೆಯೇ. ನಾನು ಹಿಡಿದ ನಕಲಿಗಳೆಲ್ಲ ಎಡಗಡೆಯೇ ಹಾಕುತ್ತಿದ್ದರು. ಇವನು ಊರಿಗೆಲ್ಲ ಸುಳ್ಳು ಹೇಳಿ, ಕೋಟಿಗೆ ಮಾತ್ರ ನಿಜ ಹೇಳಿದ್ದಾನೆ. ಏಕೆ?

ದೊಡ್ಡಪ್ಪ

&nbsp;

ಮಾರ್ಚ್ 27

ದೊಡ್ಡಪ್ಪಾ,

ಹತ್ತೂ ಬೆರಳು ಇವೆ.

ಸಮಿತಿಯ ಅಧ್ಯಕ್ಷರು ದಿನಾ ಬಂದು ಕಲ್ಲು ಎಲ್ಲಿಗೆ ಬಂತೆಂದು ಕೇಳುತ್ತಾರೆ. ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಳ್ಳುತ್ತಿದ್ದೇನೆ. ಗೋಡೆಯ ಆಚೆ ಟೈಲರಕ್ಕನ ಮಿಷನ್ ಕೇಳುತ್ತಿರುತ್ತದೆ. ನಿನ್ನೆ ಅವರ ಅಂಗಡಿಯಲ್ಲಿ ಗಂಡನ ಅಳತೆಯ ಅಂಗಿಯೊಂದನ್ನು ನೋಡಿದೆ, ಹೊಸದು. ವರ್ಷಕ್ಕೊಂದು ಹೊಲಿದಿಡುತ್ತಾರಂತೆ. "ಸೊಂಟ ಸ್ವಲ್ಪ ದಪ್ಪ ಆಗಿರುತ್ತೆ ಅಲ್ವಾ, ಈಗ ವಯಸ್ಸು ಐವತ್ತಾರು" ಎಂದು ಒಂದಿಂಚು ಬಿಟ್ಟು ಹೊಲಿದಿದ್ದಾರೆ.

ಹೋದ ಸಲ ಕೇಳಿದ್ದಕ್ಕೆ ನೀವು ಉತ್ತರಿಸಲಿಲ್ಲ. ಮರೆತಿರೆಂದು ನಾನು ನಂಬುವುದಿಲ್ಲ, ನೀವು ಮರೆಯುವವರಲ್ಲ. ಆ ನಾಲ್ವರು ಏನಾದರು?

ನಿಮ್ಮ ಮಗಳು

&nbsp;

ಏಪ್ರಿಲ್ 9

ಮಗಳೇ,

ಮೂವರ ಬಗ್ಗೆ ಹೇಳುವಂಥದ್ದೇನಿಲ್ಲ. ಗದರಿದೆ, ಬಿಟ್ಟರು. ಉಳಿದೊಬ್ಬನ ಬಗ್ಗೆ ನಿನ್ನ ದೊಡ್ಡಮ್ಮನಿಗೂ ಪೂರ್ತಿ ಹೇಳಿಲ್ಲ.

ಅವನು ಬಸ್ ಡಿಪೋದ ಕಾವಲುಗಾರ. ಶಾಲೆಯ ವಾರ್ಷಿಕೋತ್ಸವಕ್ಕೆ ಅವನನ್ನು ವೀರ ಸೈನಿಕನೆಂದು ವೇದಿಕೆಗೆ ಕರೆದಿದ್ದರು. ನಾನು ಸಭೆಯ ನಡುವೆ ಎದ್ದು ನಿಂತೆ. ಮೈಕು ಕೇಳಿ ಇಸಿದುಕೊಂಡೆ. ಮೂರು ಪ್ರಶ್ನೆ ಕೇಳಿದೆ. ಮೊದಲನೆಯದಕ್ಕೇ ಅವನು ತೊದಲಿದ. ಜನ ನಗಲು ಶುರು ಮಾಡಿದರು. ನನಗೂ ಹುರುಪು ಬಂತು. ಮುಂದಿನ ಸಾಲಿನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟುತ್ತಿದ್ದಳು. ಇದೂ ಕಾರ್ಯಕ್ರಮದ ಒಂದು ಭಾಗವೆಂದು ಅವಳು ತಿಳಿದಿದ್ದಳು. ನಗುವವರೆಲ್ಲ ತನ್ನ ಅಪ್ಪನನ್ನು ನೋಡಿಯೇ ನಗುತ್ತಿದ್ದಾರೆಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೈಗಳು ನಡುವೆಯೇ ನಿಂತದ್ದನ್ನು ನಾನು ನೋಡಿದೆ. ಮೈಕು ನನ್ನ ಕೈಯಲ್ಲೇ ಇತ್ತು.

ವಾರದೊಳಗೆ ಅವರು ಊರು ಬಿಟ್ಟರು.

ಸುಳ್ಳು ಸುಳ್ಳೇ. ಅವನನ್ನು ಹಿಡಿದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಹಿಡಿದ ಜಾಗಕ್ಕೆ ಇದೆ.

ನೀನು ಸಮಿತಿಯವರ ಮುಂದೆ ಬಾಯಿ ಬಿಡುವ ಮೊದಲು ಅಂಗಡಿಯ ಬಾಗಿಲು ಮುಂದೆ ಮಾಡಿ ಅವನೊಬ್ಬನನ್ನೇ ಕೇಳು. ಆದರೆ ಬಿಡಬೇಡ. ಕಾವಲುಗಾರನ ಸುಳ್ಳಿನಿಂದ ಯಾರ ಮನೆಯೂ ಕಾದು ಕೂತಿರಲಿಲ್ಲ. ಇಲ್ಲಿ ಒಬ್ಬಳು ಕೂತಿದ್ದಾಳೆ. ಊರಿಗಿಂತ ಮೊದಲು ಅವಳಿಗೆ ತಿಳಿಯಬೇಕು. ಹೇಳಬೇಕಾದವನೂ ಅವನೇ, ನೀನಲ್ಲ.

ದೊಡ್ಡಪ್ಪ

&nbsp;

ಏಪ್ರಿಲ್ 30

ದೊಡ್ಡಪ್ಪಾ,

ಮುಗಿಯಿತು. ಅಥವಾ ಶುರುವಾಯಿತು, ಗೊತ್ತಿಲ್ಲ.

ಮೊನ್ನೆ ಅವರನ್ನು ಒಳಗೆ ಕೂರಿಸಿ ಬಾಗಿಲು ಮುಂದೆ ಮಾಡಿದೆ. ಏನೇನೋ ಮಾತು ಜೋಡಿಸಿಕೊಂಡಿದ್ದೆ, ಒಂದೂ ಬರಲಿಲ್ಲ. "ನಿಮ್ಮ ತಮ್ಮನ ಬೆರಳು ಹೇಗೆ ಹೋದವು?" ಎಂದು ಕೇಳಿಬಿಟ್ಟೆ.

ಕೈ ಚಾಚಿ ಕಲ್ಲಿನ ಮೇಲಿನ ಸುಣ್ಣದ ಗೆರೆ ಮುಟ್ಟಿದರು. ಆಮೇಲೆ, "ಲಾರಿಯ ಹಿಂಬಾಗಿಲಿಗೆ ಸಿಕ್ಕಿ ಹೋದವಂತೆ. ಚಳಿಗೆ ಕೈ ಮರಗಟ್ಟಿತ್ತಂತೆ, ನೋವೇ ತಿಳೀಲಿಲ್ಲವಂತೆ" ಎಂದರು.

ದೊಡ್ಡಪ್ಪ, ಅವರ ಬಾಯಿಂದ ಆ "ಅಂತೆ" ಕೇಳಿದ್ದು ಅದೇ ಮೊದಲು. ಇಷ್ಟು ವರ್ಷವೂ ಕಥೆಗಳನ್ನೆಲ್ಲ "ಅಂತೆ" ಕಿತ್ತು ಹೇಳುತ್ತಿದ್ದರು. ಅದೊಂದು ವಾಪಸು ಬಂದದ್ದೇ ಮಿಕ್ಕದ್ದೆಲ್ಲ ತಾನಾಗಿ ಬಂತು.

ಅವರು ದೊಡ್ಡ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದರು. ಮೂವತ್ತೊಂದು ವರ್ಷ. "ಜನರನ್ನ ಮೇಲೆ ಒಯ್ದೆ, ಕೆಳಗೆ ಒಯ್ದೆ. ಎಲ್ಲರೂ ಬಾಗಿಲ ಮೇಲಿನ ನಂಬರು ನೋಡೋರೇ ಹೊರತು ನನ್ನ ಮುಖ ನೋಡಿದೋರು ಒಬ್ಬರೂ ಇಲ್ಲ." ತಮ್ಮ ಅದೇ ಆಸ್ಪತ್ರೆಯ ಐದನೇ ಮಹಡಿಯಲ್ಲಿ ಎಂಟು ತಿಂಗಳು ಮಲಗಿದ್ದು ಸತ್ತ. ಬಿಡುವಾದಾಗಲೆಲ್ಲ ಇವರು ಹೋಗಿ ಹಾಸಿಗೆಯ ಪಕ್ಕ ಕೂರುತ್ತಿದ್ದರು. ತಮ್ಮ ಕಣ್ಣು ಮುಚ್ಚಿಕೊಂಡು ಬ್ಯಾಟರಿಯ ಕಥೆ, ಕಣಿವೆಯ ಕಥೆ ಹೇಳುತ್ತಿದ್ದ. ಅವನು ಹೋದ ಮರುವರ್ಷ ಇವರು ಕೆಲಸ ಬಿಟ್ಟು ಅವನ ಕೋಟು ತೊಟ್ಟು ಪದಕಗಳನ್ನು ಬಲಗಡೆ ಚುಚ್ಚಿಕೊಂಡು ಬಸ್ಸು ಹತ್ತಿದರು. ಯಾರೋ ಎದ್ದು ನಿಂತು ಸೀಟು ಬಿಟ್ಟುಕೊಟ್ಟು, "ಸಾರ್, ನೀವು ಸೈನ್ಯದಲ್ಲಿದ್ರಾ?" ಎಂದರು. ಇವರು ತಲೆಯಾಡಿಸಿದರು. "ಇಳಿಯೋವರೆಗೆ ಅಂತ ಆಡಿಸಿದ್ದು. ಇಳಿಯೋಕೇ ಆಗಲಿಲ್ಲ."

ಟೈಲರಕ್ಕನಿಗೆ ಹಾಗೇಕೆ ಹೇಳಿದಿರಿ ಎಂದೆ.

"ಗಂಡನ ಫೋಟೋ ತಂದು ತೋರಿಸಿದ್ರು. ಇಲ್ಲ ಅನ್ನೋಕೆ ಬಾಯಿ ತೆರೆದೆ. ಆಯಮ್ಮ ಉಸಿರು ಬಿಗಿಹಿಡಿದು ನಿಂತಿದ್ರು. ಹೌದು ಅಂತ ಬಂದುಬಿಡ್ತು." ಆಮೇಲೆ, "ನೀವೇ ಹೇಳಿಬಿಡಿ ಅಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದರು. ನಾನು ಆಗುವುದಿಲ್ಲ ಎಂದೆ.

ಕೋಟು ಬಿಚ್ಚಿ ಮಡಚಿ ಚಪ್ಪಡಿಯ ಮೇಲಿಟ್ಟು ಪಕ್ಕದ ಅಂಗಡಿಗೆ ಹೋದರು. ನಾನು ಗೋಡೆಗೆ ಕಿವಿಗೊಟ್ಟೆ, ತಪ್ಪೋ ಸರಿಯೋ. ಮಿಷನ್ ನಿಂತಿತು. ಕೂಗಾಟ ಕೇಳಿಸಲಿಲ್ಲ. ಅವರು ಇನ್ನೂ ಒಳಗಿರುವಾಗಲೇ ಮಿಷನ್ ಮತ್ತೆ ಶುರುವಾಯಿತು. ಅಷ್ಟು ಜೋರಾಗಿ ಅದು ಓಡಿದ್ದನ್ನು ನಾನು ಕೇಳಿಲ್ಲ. ಅವರು ತಲೆ ತಗ್ಗಿಸಿ ಹೊರಬಂದು, ಕೋಟನ್ನೂ ತೆಗೆದುಕೊಳ್ಳದೆ ನಡೆದುಬಿಟ್ಟರು.

ಸಂಜೆ ಟೈಲರಕ್ಕನಲ್ಲಿಗೆ ಹೋದೆ. ಮೇಜಿನ ಮೇಲೆ ಆ ಹೊಸ ಅಂಗಿಯಿತ್ತು. ಎರಡೂ ತೋಳುಗಳ ಬಾಯಿಯನ್ನು ಸೇರಿಸಿ ಹೊಲಿದುಬಿಟ್ಟಿದ್ದರು. "ಆಸೆ ಹುಟ್ಟಿಸಿದ್ದು ಹಾಳಾಗಿ ಹೋಗಲಿ ಕಣೇ. ನನ್ನನ್ನ ಅಳೋದಕ್ಕೇ ಬಿಡಲಿಲ್ಲವಲ್ಲ ಆತ" ಎಂದರು. ಆಮೇಲೆ ಅತ್ತರು. ನಾನು ಬ್ಲೇಡು ಹಿಡಿದು ಪಕ್ಕದಲ್ಲಿ ಕೂತು ತೋಳಿನ ಹೊಲಿಗೆ ಬಿಚ್ಚಿದೆ. ಬೇರೇನು ಮಾಡಬೇಕೋ ತೋಚಲಿಲ್ಲ.

ನಿಮ್ಮ ಮಗಳು

&nbsp;

ಜೂನ್ 2

ದೊಡ್ಡಪ್ಪಾ,

ಕಲ್ಲು ನಿಂತಿತು. ಅರವತ್ತೊಂದು ಹೆಸರು.

ಸಮಿತಿಯ ಸಭೆಗೆ ಅವರೇ ಹೋಗಿ ಎಲ್ಲವನ್ನೂ ಹೇಳಿದರಂತೆ. ಒಬ್ಬರು ಪೊಲೀಸರನ್ನು ಕರೆಯೋಣ ಎಂದರು, ಒಬ್ಬರು ನಕ್ಕರು, ಮಾಜಿ ಸೈನಿಕರಲ್ಲಿ ಹಿರಿಯರೊಬ್ಬರು ಎದ್ದು ಹೊರಗೆ ಹೋದರು. ತಮ್ಮನ ಹೆಸರನ್ನಾದರೂ ಕೆತ್ತೋಣವೇ ಎಂಬ ಮಾತು ಬಂತು. ಅವನು ಈ ಊರಿನವನಲ್ಲ ಎಂದು ಇವರೇ ಬೇಡ ಎಂದರು. ಬಿಡುಗಡೆ ಪುಸ್ತಕವನ್ನೂ ಪದಕಗಳನ್ನೂ ನಿಮ್ಮ ಹಳೆಯ ಕಚೇರಿಗೆ ಕಳಿಸಿಕೊಟ್ಟಿದ್ದಾರೆ. ಊರು ಬಿಟ್ಟಿಲ್ಲ. ಶಾಲೆಯ ಮುಂದೆ ಮಾತ್ರ ನಿಲ್ಲುವುದಿಲ್ಲ. ಎದುರಾದರೆ ಏನೆಂದು ಕರೆಯಬೇಕೋ ತಿಳಿಯದೆ ಜನ ಚಪ್ಪಲಿ ಸರಿಮಾಡಿಕೊಳ್ಳುತ್ತಾರೆ. ಟೈಲರಕ್ಕ ಮಾತಾಡಿಸುವುದಿಲ್ಲ. ಮಾತಾಡಿಸಿ ಎಂದು ನಾನೂ ಹೇಳುವುದಿಲ್ಲ.

ಗಂಡನ ಹೆಸರನ್ನು ಚೀಟಿಯಲ್ಲಿ ಬರೆದು ತಂದವರು ಟೈಲರಕ್ಕನೇ. ನಾನು ಕೆತ್ತುವಷ್ಟು ಹೊತ್ತೂ ಪಕ್ಕದಲ್ಲೇ ಕೂತಿದ್ದರು. ಪ್ರತಿ ಅಕ್ಷರ ಮುಗಿದಾಗ ಪುಡಿ ಊದಿ, ಬೆರಳಿಟ್ಟು ಆಳ ನೋಡಿ, "ಇನ್ನೊಂದೇಟು ಹಾಕು" ಎನ್ನುತ್ತಿದ್ದರು. ಮಿಕ್ಕ ಹೆಸರುಗಳಿಗಿಂತ ಅದು ಕೂದಲೆಳೆಯಷ್ಟು ಆಳವಾಗಿದೆ. ನನಗೂ ಅವರಿಗೂ ಮಾತ್ರ ಗೊತ್ತು. ಈಗ ನಿಮಗೂ.

ನಿಮ್ಮ ವಿಳಾಸ ಕೇಳಿದರು. ಕೊಟ್ಟಿದ್ದೇನೆ.

ನಿಮ್ಮ ಮಗಳು

&nbsp;

ಜೂನ್ 20

ಹಿರಿಯರಿಗೆ ನಮಸ್ಕಾರ.

ನಾನು ನಿಮ್ಮ ಮಗಳ ಪಕ್ಕದ ಅಂಗಡಿಯವಳು. ಪತ್ರ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಮನ್ನಿಸಿ.

ನನ್ನ ಗಂಡ ಫೋನ್ ತಂತಿ ಎಳೆಯುವ ಕೆಲಸದಲ್ಲಿದ್ದರು. ಅವರ ಬಗ್ಗೆ ನನಗೆ ಬಂದದ್ದು ಒಂದೇ ಕಾಗದ, ಅದರಲ್ಲಿ "ನಾಪತ್ತೆ" ಎಂಬುದೊಂದೇ ಮಾತು. ನೀವು ದಾಖಲೆಗಳ ನಡುವೆ ಕೆಲಸ ಮಾಡಿದವರಂತೆ. ಆ ಒಂದು ಮಾತಿನ ಹಿಂದೆ ಬೇರೆ ಏನಾದರೂ ಬರೆದಿಟ್ಟಿರುತ್ತಾರೆಯೇ? ಕೊನೆಗೆ ಎಲ್ಲಿದ್ದರು, ಏನು ಮಾಡುತ್ತಿದ್ದರು, ಯಾರಾದರೂ ನೋಡಿದ್ದರೇ? ಇಷ್ಟು ದಿನ ಕೇಳಲೇ ಇಲ್ಲ. ಉತ್ತರ ಸಿಕ್ಕಿದೆ ಎಂದುಕೊಂಡಿದ್ದೆ.

ಸಮಾಧಾನಕ್ಕೆಂದು ಒಂದಕ್ಷರವನ್ನೂ ಸೇರಿಸಬೇಡಿ. ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂದು ಬರೆಯಿರಿ, ನನಗೆ ಬೇಸರವಿಲ್ಲ. ಅರ್ಜಿಗೆ ಸಹಿ ಬೇಕಾಗಬಹುದೆಂದು ಖಾಲಿ ಹಾಳೆಗೆ ಸಹಿ ಮಾಡಿ ಇದರೊಳಗೆ ಇಟ್ಟಿದ್ದೇನೆ.

ಇಂತಿ,
ಟೈಲರ್

&nbsp;

ಜುಲೈ 28

ತಂಗಿಗೆ ದೊಡ್ಡಪ್ಪನ ನಮಸ್ಕಾರ. ಮಗಳು ಕರೆಯುವ ಹಾಗೆಯೇ ನೀವೂ ಕರೆಯಬಹುದು.

ನಿಮ್ಮ ಅರ್ಜಿ ಕೊಟ್ಟು ನಾನೇ ಕಚೇರಿಗೆ ಹೋಗಿ ಕೂತೆ. ನಾಲ್ಕು ದಿನ ಹುಡುಕಿದೆವು. ಅವರಿದ್ದ ಗಡಿ ಠಾಣೆಯ ದಿನಚರಿ ಪುಸ್ತಕ ಸಿಕ್ಕಿತು. ಆ ದಿನ ಅಲ್ಲಿದ್ದ ತಂತಿಯವರು ಅವರೊಬ್ಬರೇ; ಅವರ ಬಗೆಗಿನ ನಮೂದುಗಳು ಮೂರು. ಇದ್ದದ್ದನ್ನು ಇದ್ದಂತೆ ಬರೆದಿದ್ದೇನೆ, ಒಂದಕ್ಷರವನ್ನೂ ಸೇರಿಸಿಲ್ಲ.

"ಬೆಳಿಗ್ಗೆ 6.30. ಮುಂದಿನ ಠಾಣೆಯ ಫೋನ್ ತಂತಿ ಕಡಿದಿದೆ. ತಂತಿಯವನು ತಾನೇ ಹೋಗುವುದಾಗಿ ಹೇಳಿ, ತಂತಿಯನ್ನು ಕೈಯಲ್ಲಿ ಹಿಡಿದು ಅದರ ಜಾಡಿನಲ್ಲಿ ಹೊರಟ.

"7.15. ತಂತಿ ಕೂಡಿತು. ತಂತಿಯವನು ನಡುದಾರಿಯಿಂದ ಫೋನಿನಲ್ಲಿ ಮಾತಾಡಿ, ಕೇಳಿಸುತ್ತಿದೆಯಾ ಎಂದು ಕೇಳಿದ. ಕೇಳಿಸುತ್ತಿದೆ ಎಂದು ಉತ್ತರ ಕೊಡಲಾಯಿತು.

"8.00. ಆ ದಾರಿಯಲ್ಲಿ ಶೆಲ್ ದಾಳಿ. ತಂತಿಯವನು ಮರಳಿಲ್ಲ. ಫೋನ್ ಸಂಜೆಯವರೆಗೂ ಕೆಲಸ ಮಾಡಿತು."

ಇಷ್ಟೇ ಇದೆ.

ನಿಮ್ಮ
ದೊಡ್ಡಪ್ಪ